ಮಡತ್ತುಕುಳಂನಿಂದ ತಂದ ಸ್ಟೆನೋ ಯಂತ್ರ

ನನ್ನ ಕೈಬರಹ ನನಗೇ ಓದಲು ಬಾರದು. ಅಂಗಡಿಗೆ ಹೋದಾಗ ಚೀಟಿ ನೋಡಿ ಅದು ಕಡಲೆಬೇಳೆಯೋ ಕರಿಬೇವೋ ತಿಳಿಯದೆ, ಯಾವುದಕ್ಕೂ ಇರಲಿ ಎಂದು ಎರಡನ್ನೂ ತಂದುಬಿಡುವ ಜಾತಿ ನಾನು. ಅಂಥವನು ಐವತ್ತು ದಾಟಿದ ಮೇಲೆ, ಜನ ಆಡುವ ಮಾತನ್ನು ಆಡಿದ ವೇಗದಲ್ಲೇ ಬರೆದುಕೊಳ್ಳುವ ವಿದ್ಯೆ ಕಲಿಯಲು ಹೊರಟೆ ಎಂದರೆ ನಿಮಗೆ ನಗು ಬರಬಹುದು. ಧಾರಾಳವಾಗಿ ನಗಿ. ನಮ್ಮ ಮನೆಯಲ್ಲಿ ಎಲ್ಲರೂ ನಕ್ಕು ಮುಗಿಸಿದ್ದಾರೆ.

ಸ್ಟೆನೋ ಯಂತ್ರ ಅಂತ ಒಂದಿದೆ. ಹೊರದೇಶದ ಕೋರ್ಟುಗಳಲ್ಲಿ ನ್ಯಾಯಾಧೀಶರ ಕೆಳಗೆ ಕೂತವರು, ಮುಖದಲ್ಲಿ ಯಾವ ಭಾವವೂ ಇಲ್ಲದೆ ಒಂದು ಪುಟ್ಟ ಪೆಟ್ಟಿಗೆಯ ಮೇಲೆ ಬೆರಳಾಡಿಸುತ್ತಿರುತ್ತಾರಲ್ಲ, ಅದು. ಅದರಲ್ಲಿ ಕೀಲಿಗಳು ಬಹಳ ಕಡಿಮೆ, ಅವುಗಳ ಮೇಲೆ ಅಕ್ಷರವೂ ಇರುವುದಿಲ್ಲ. ಹಾರ್ಮೋನಿಯಂನಲ್ಲಿ ಸ್ವರಗಳನ್ನು ಕೂಡಿಸಿ ಒತ್ತಿದಂತೆ ನಾಲ್ಕಾರು ಕೀಲಿಗಳನ್ನು ಒಟ್ಟಿಗೆ ಅದುಮಿದರೆ ಇಡೀ ಪದವೇ ಬಂದು ಬೀಳುತ್ತದೆ. ಯಾವ ಕೀಲಿಗಳ ಜೋಡಿಗೆ ಯಾವ ಪದ ಎಂದು ಕಂಪ್ಯೂಟರಿಗೆ ನಾವೇ ಹೇಳಿಕೊಡಬಹುದು. ಪಳಗಿದ ಕೈಯಾದರೆ ಎದುರಿಗಿದ್ದವರು ಮಾತು ಮುಗಿಸುವಷ್ಟರಲ್ಲಿ ಅವರ ಮಾತು ಪರದೆಯ ಮೇಲೆ ಇರುತ್ತದಂತೆ.

ಇದು ನನಗೆ ಬೇಕಾದದ್ದು ನನ್ನ ಹೆಂಡತಿ ಸುಲೋಚನಾಗಾಗಿ. ಅವಳಿಗೆ ಕೆಲವು ವರ್ಷಗಳಿಂದ ಕಿವಿ ಮಂದವಾಗುತ್ತ ಬಂದಿದೆ. ಡಾಕ್ಟರು ಮಿಷನ್ ಕೊಟ್ಟರು. ಅದು ಸದ್ದನ್ನೇನೋ ದೊಡ್ಡದು ಮಾಡುತ್ತದೆ, ಆದರೆ ಮಾತನ್ನು ಬಿಡಿಸಿ ಕೊಡುವುದಿಲ್ಲ. ನಾವಿಬ್ಬರೇ ಇದ್ದರೆ ಹೇಗೋ ನಡೆಯುತ್ತದೆ. ನಾಲ್ಕು ಜನ ಸೇರಿದರೆ ಮುಗಿಯಿತು. ಅವಳದ್ದು ಮೊದಲಿನಿಂದಲೂ ತುಂಬು ಮಾತಿನ ಮನೆತನ. ಕೊಯಮತ್ತೂರಿನಲ್ಲಿ ಎಷ್ಟೋ ತಲೆಮಾರಿನಿಂದ ನೆಲೆಸಿದ ಕನ್ನಡದವರು ಅವರು. ಭಾನುವಾರ ಎಲ್ಲರೂ ಕಾಫಿಗೆ ಸೇರಿದರೆ ಯಾರು ಕೇಳುವವರು, ಯಾರು ಹೇಳುವವರು ಎಂದು ಗೊತ್ತಾಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ, ತುಮಕೂರಿನ ಕಡೆಯಿಂದ ಈ ಊರಿಗೆ ಬಂದ ನಾನು, ಒಂದು ವಾಕ್ಯ ನುಗ್ಗಿಸಲು ಜಾಗ ಸಿಗದೆ ಲೋಟ ಹಿಡಿದು ಕೂತಿರುತ್ತಿದ್ದೆ. ಆ ಗದ್ದಲದ ನಡುವೆ ಈಗ ಸುಲೋಚನಾ ಸುಮ್ಮನೆ ಕೂರತೊಡಗಿದ್ದಳು. ಎಲ್ಲರೂ ನಕ್ಕರೆ ತಾನೂ ನಗುತ್ತಿದ್ದಳು. ಒಮ್ಮೆ ಕೇಳಿದೆ, ಯಾವುದಕ್ಕೆ ನಕ್ಕೆ ಅಂತ.

“ಯಾವನಿಗೆ ಗೊತ್ತು? ಎಲ್ಲಾರೂ ನಗ್ತಾರೆ, ನಾನೂ ನಗ್ತೀನಿ. ಮತ್ತೇನ್ ಮಾಡೋದು, ಮೂತಿ ಊದಿಸ್ಕೊಂಡು ಕೂರಕ್ಕಾಗತ್ತಾ?” ಎಂದಳು.

ಅವಳು ಅದನ್ನು ಹಗುರವಾಗಿಯೇ ಹೇಳಿದಳು. ನಾನು ಮಾತ್ರ ಅಂದೇ ಇದಕ್ಕೊಂದು ದಾರಿ ಹುಡುಕಲು ಕೂತೆ.

ಫೋನಿನಲ್ಲೇ ಮಾತನ್ನು ಅಕ್ಷರ ಮಾಡುವ ಸೌಲಭ್ಯ ಇದೆಯಲ್ಲ ಎಂದು ನೀವು ಕೇಳುವುದು ನನಗೆ ಗೊತ್ತು. ಎಲ್ಲರೂ ಅದನ್ನೇ ಕೇಳುತ್ತಾರೆ. ಫೋನನ್ನು ಆ ಕಾಫಿ ಸಭೆಯ ನಡುವೆ ಇಟ್ಟೂ ನೋಡಿದೆ. ನಮ್ಮವರ ಒಂದು ವಾಕ್ಯ ಕನ್ನಡದಲ್ಲಿ ಮನೆಯಿಂದ ಹೊರಟು, ತಮಿಳಿನಲ್ಲಿ ಮಾರ್ಕೆಟ್ಟಿಗೆ ಹೋಗಿ, ಇಂಗ್ಲಿಷಿನಲ್ಲಿ ಬಿಲ್ ಕೊಟ್ಟು, ಮತ್ತೆ ಕನ್ನಡದಲ್ಲೇ ಮನೆಗೆ ಬರುತ್ತದೆ. ಅದೂ ಮೂವರು ಒಟ್ಟಿಗೆ ಮಾತಾಡುವಾಗ. ಫೋನು ಸ್ವಲ್ಪ ಹೊತ್ತು ಒದ್ದಾಡಿ ಕೈಚೆಲ್ಲಿತು. ಅದರ ಮೇಲೆ ನನಗೇನೂ ಸಿಟ್ಟಿಲ್ಲ, ನನಗೇ ಈ ಭಾಷೆ ಹಿಡಿತಕ್ಕೆ ಬರಲು ವರ್ಷಗಳು ಬೇಕಾದವು. ಆಗಲೇ ನನಗೆ ಹೊಳೆದದ್ದು, ಇಲ್ಲಿಗೆ ಬೇಕಾದವನು ಈ ಮನೆಯಲ್ಲೇ ಪಳಗಿದ ಮನುಷ್ಯ, ಅಂದರೆ ನಾನು ಎಂದು.

ಹೊಸ ಯಂತ್ರದ ಬೆಲೆ ವಿಚಾರಿಸಿದೆ. ಆ ದುಡ್ಡಿಗೆ ನನ್ನ ಸ್ಕೂಟರಿನ ಜೊತೆ ಅದರ ಅಣ್ಣತಮ್ಮಂದಿರೂ ಬರುತ್ತಿದ್ದರು. ಸರಿ, ಸೆಕೆಂಡ್ ಹ್ಯಾಂಡ್ ಎಂದುಕೊಂಡೆ. ಹಳೆಯವು ಸಿಗುವುದು ಅಮೆರಿಕದಲ್ಲಿ. ಕೋರ್ಸು ಅರ್ಧಕ್ಕೆ ಬಿಟ್ಟವರು, ನಿವೃತ್ತರಾದವರು ಮಾರುತ್ತಾರೆ. ಪ್ರತಿ ಜಾಹೀರಾತಿನ ಕೊನೆಗೂ ಒಂದೇ ಸಾಲು, ಹೊರದೇಶಕ್ಕೆ ಕಳಿಸುವುದಿಲ್ಲ. ತುಮಕೂರಿಗೆ ಹೋದರೆ ನನ್ನನ್ನು ತಮಿಳುನಾಡಿನವರು ಅನ್ನುತ್ತಾರೆ, ಕೊಯಮತ್ತೂರಿನಲ್ಲಿ ಕರ್ನಾಟಕದವರು ಅನ್ನುತ್ತಾರೆ. ಈಗ ಮನೆಯ ಸೋಫಾದ ಮೇಲೆ ಕೂತಿದ್ದಾಗಲೇ ಹೊರದೇಶದವನೂ ಆದೆ. ಒಬ್ಬಳು ಪುಣ್ಯಾತ್ಗಿತ್ತಿ ಕಳಿಸುತ್ತೇನೆ ಅಂದಳು, ಆದರೆ ಸಾಗಣೆಯ ಖರ್ಚು ಯಂತ್ರದ ಬೆಲೆಯನ್ನೂ ಮೀರಿಸಿತು. ಸುಲೋಚನಾ ಅದನ್ನು ಕೇಳಿ, ಆನೈಮಲೈಗೆ ಹೋಗಿ ಮಾಸಾಣಿ ಅಮ್ಮನಿಗೆ ಮೆಣಸಿನಕಾಯಿ ಅರೆದು ಬಾ ಎಂದಳು. ಅನ್ಯಾಯವಾದವರು ಅಲ್ಲಿ ಮೆಣಸಿನಕಾಯಿ ಅರೆದು ಗುಡಿಯ ಕಲ್ಲಿಗೆ ಹಚ್ಚಿ ಅಮ್ಮನಿಗೆ ದೂರು ಕೊಡುವ ಪದ್ಧತಿ ಇದೆ. ಆದರೆ ಅಮೆರಿಕದ ಅಂಚೆ ದರದ ಮೇಲೆ ಅಮ್ಮ ದೂರು ತೆಗೆದುಕೊಳ್ಳುತ್ತಾಳೋ ಇಲ್ಲವೋ ಎಂದು ನನಗೆ ಅನುಮಾನವಿತ್ತು.

ನಮ್ಮ ಬೀದಿಯ ತುದಿಯಲ್ಲೇ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿನ ಮಾಸ್ಟರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಶಾರ್ಟ್‌ಹ್ಯಾಂಡುಕ್ಕು ಪೆನ್ಸಿಲ್ ಪೋದುಂ ಸಾರ್” ಎಂದರು. ಪೆನ್ಸಿಲ್ ಸಾಕಂತೆ. ಜೊತೆಗೆ, ಸರ್ಕಾರಿ ಪರೀಕ್ಷೆಗೆ ಯಾವ ಗ್ರೇಡಿಗೆ ಕಟ್ಟುತ್ತೀರಿ ಎಂದೂ ಕೇಳಿದರು. ನಾನು ಪಂಪ್ ಕಾರ್ಖಾನೆಯಲ್ಲಿ ಡಿಸೈನ್ ವಿಭಾಗದಲ್ಲಿದ್ದೇನೆ, ಇನ್ನು ಕೆಲವೇ ವರ್ಷಕ್ಕೆ ನಿವೃತ್ತಿ ಎಂದು ಹೇಳಲು ನಾಚಿಕೆಯಾಗಿ, ಯೋಚಿಸಿ ಹೇಳ್ತೀನಿ ಎಂದು ಬಂದೆ. ಉಕ್ಕಡಂನ ಹಳೇ ಸಾಮಾನಿನ ಅಂಗಡಿಯವನಿಗೆ ಕೈಯಾಡಿಸಿ ವಿವರಿಸಿದೆ. ಅವನು ಉತ್ಸಾಹದಿಂದ ಒಳಗೆ ಹೋಗಿ ಹೊಟೇಲಿನ ಬಿಲ್ಲಿಂಗ್ ಯಂತ್ರವೊಂದನ್ನು ತಂದ. ಅದಲ್ಲ ಅಂದೆ. ಮಕ್ಕಳ ಆಟದ ಪಿಯಾನೋ ತಂದ. ಯಂತ್ರದ ಹತ್ತಿರಕ್ಕೆ ಬಂದಿದ್ದಾನೆ ಎಂದು ನನಗೆ ಮನಸ್ಸಿನಲ್ಲೇ ಅನಿಸಿತು.

ಇಷ್ಟೆಲ್ಲ ಓಡಾಡುವಾಗ ಶಾಸನಗಳ ನೆನಪು ಬರುತ್ತಿತ್ತು. ರಾಜ ದಾನ ಕೊಟ್ಟ, ಇಷ್ಟು ಭೂಮಿ, ಇಂಥ ಎಲ್ಲೆ ಎಂದು ಸಭೆಯಲ್ಲಿ ಹೇಳಿದ. ರೂವಾರಿ ಕಲ್ಲಿನ ಮೇಲೆ ಕಡೆದ. ಆದರೆ ಒಂದು ಅಕ್ಷರ ಕಡೆಯುವಷ್ಟರಲ್ಲಿ ರಾಜನ ಭಾಷಣವೇ ಮುಗಿದಿರಬೇಕಲ್ಲ? ನಡುವೆ ಯಾವನೋ ಒಬ್ಬ ಬರೆದುಕೊಂಡಿದ್ದಾನೆ. ಶಾಸನದಲ್ಲಿ ರಾಜನ ಹೆಸರಿರುತ್ತದೆ, ಎಷ್ಟೋ ಕಡೆ ಕಡೆದವನ ಹೆಸರೂ ಇರುತ್ತದೆ. ಓಡುವ ಮಾತನ್ನು ಹಿಡಿದು ಕೊಟ್ಟ ಆ ನಡುವಿನವನ ಕಷ್ಟ ಏನಿತ್ತೋ, ಅವನಿಗೂ ಒಳ್ಳೆಯ ಸಲಕರಣೆ ಸಿಗುತ್ತಿರಲಿಲ್ಲವೋ ಏನೋ.

ಕೊನೆಗೆ ಯಂತ್ರ ಸಿಕ್ಕಿದ್ದು ಮಡತ್ತುಕುಳಂನಲ್ಲಿ. ಹೌದು, ಪಳನಿಗೆ ಹೋಗುವ ದಾರಿಯಲ್ಲಿ, ಅಮರಾವತಿ ನದಿಯ ಹತ್ತಿರ, ಕಬ್ಬು ತೆಂಗಿನ ನಡುವಿನ ಪುಟ್ಟ ಊರು. ಮುರುಗೇಶನ್ ಎಂಬುವರು ಮನೆಯಿಂದಲೇ ಹೊರದೇಶದ ಕೆಲಸ ಮಾಡಬಹುದೆಂದು ಹಿಂದೊಮ್ಮೆ ಅದನ್ನು ತರಿಸಿ, ಕಲಿಯಲು ಶುರುಮಾಡಿ, ಬಿಟ್ಟಿದ್ದರು. ಇಂಟರ್ನೆಟ್ಟಿನಲ್ಲಿ ಅವರ ಜಾಹೀರಾತು ಕಂಡಾಗ ನಾನು ಎರಡು ಸಲ ಊರಿನ ಹೆಸರು ಓದಿಕೊಂಡೆ. ಸುಲೋಚನಾಳೂ ಬರುತ್ತೇನೆ ಅಂದಳು. ಉಕ್ಕಡಂನಲ್ಲಿ ಪಳನಿ ಬಸ್ಸು ಹತ್ತಿ, ಮೀನು ಮಾರ್ಕೆಟ್ಟಿನ ವಾಸನೆ ಹಿಂದಾಗುವವರೆಗೆ ಮೂಗು ಮುಚ್ಚಿ, ಪೊಳ್ಳಾಚಿ, ಉಡುಮಲೈ ದಾಟಿ ಹೋದೆವು.

ಮುರುಗೇಶನ್ ಬಾಗಿಲಿಗೇ ಬಂದು “ವಾಂಗೋ, ವಾಂಗೋ” ಎಂದು ಕರೆದು ಎಳನೀರು ಕೊಟ್ಟರು. ಯಂತ್ರ ಚೆನ್ನಾಗಿತ್ತು. ಮೂರು ಕಾಲಿನ ಸ್ಟ್ಯಾಂಡ್, ಕಂಪ್ಯೂಟರಿಗೆ ಜೋಡಿಸುವ ತಂತಿ ಎಲ್ಲವೂ ಇತ್ತು. ಯಾಕೆ ಬಿಟ್ಟಿರಿ ಎಂದು ಕೇಳಿದೆ. ತಾಯಿಗೆ ಕಾಯಿಲೆಯಾಯಿತು, ನೋಡಿಕೊಳ್ಳಲು ನಿಂತೆ, ಆಮೇಲೆ ಅವರು ಹೋಗಿಬಿಟ್ಟರು, ಮತ್ತೆ ಇದರ ಮುಂದೆ ಕೂರಲು ಮನಸ್ಸಾಗಲಿಲ್ಲ ಎಂದರು. ಹೇಳುವಾಗ, ದುಃಖವನ್ನು ಹೊರಗಿನವರೆದುರು ಹೇಳುವ ಗಂಡಸರಿಗೆ ಬರುವ ಒಂದು ಪೆಚ್ಚು ನಗೆ ಅವರ ಮುಖದಲ್ಲಿತ್ತು.

ಸುಲೋಚನಾ ಆ ನಗೆ ನೋಡಿ ಜೋರಾಗಿ ನಕ್ಕಳು.

ಅಯ್ಯೋ ದೇವರೇ, ಆ ಕ್ಷಣ! ನಾನು ಗಾಬರಿಯಲ್ಲಿ ನನ್ನ ಕಿವಿ ತೋರಿಸಿ ಅವರಿಗೆ ಏನೇನೋ ವಿವರಿಸಿದೆ. ನಾನು ಕಿವಿ ತೋರಿಸುವುದನ್ನು ಅವಳು ನೋಡಿದಳು. ನಗು ಹಾಗೇ ನಿಂತಿತು. ಮುರುಗೇಶನ್ ದೊಡ್ಡ ಮನುಷ್ಯರು, ಬೇಸರ ಮಾಡಿಕೊಳ್ಳಲಿಲ್ಲ. ಕುರ್ಚಿಯನ್ನು ಅವಳ ಎದುರಿಗೇ ಎಳೆದುಕೊಂಡು, ನಿಧಾನವಾಗಿ, “ಅಮ್ಮಾ ತವರಿಟ್ಟಾಂಗಮ್ಮಾ” ಎಂದು ತಾಯಿ ತೀರಿಹೋದದ್ದನ್ನು ಇನ್ನೊಮ್ಮೆ ಹೇಳಿದರು. ಅವಳು ಕೈ ಜೋಡಿಸಿದಳು.

ಬಸ್ಸಿನಲ್ಲಿ ಯಂತ್ರ ನನ್ನ ತೊಡೆಯ ಮೇಲಿತ್ತು. ಉಡುಮಲೈ ಬಂದಾಗ ಅವಳು ಕಿಟಕಿಯ ಕಡೆ ನೋಡುತ್ತಲೇ, “ಇನ್ಮೇಲೆ ನಾನ್ ಎಲ್ಲೂ ಬರಲ್ಲ. ಸತ್ತೋರ್ ಮನೇಲೂ ಹಲ್ಲು ಕಿರ್ಕೊಂಡು ನಿಂತ್ಬಿಡ್ತೀನಿ ಅಷ್ಟೇ” ಎಂದಳು. ಹೇಳಿದಂತೆ ಮಾಡಿಯೂ ಬಿಟ್ಟಳು. ಅವಳ ತಂಗಿ ವಿಜಯಾಳ ಮಗಳಿಗೆ ತಿರುಪ್ಪೂರಿನಲ್ಲಿ ನಿಶ್ಚಿತಾರ್ಥ ಆಯಿತು. ತಾನೇ ಎತ್ತಿ ಆಡಿಸಿದ ಹುಡುಗಿ, ಆದರೂ ಮೊಣಕಾಲು ನೋವು ಎಂದು ಹೇಳಿ ಹೋಗಲಿಲ್ಲ. ಮೊಣಕಾಲು ಗಟ್ಟಿಮುಟ್ಟಾಗಿತ್ತು. ವಿಜಯಾ ಫೋನಿನಲ್ಲಿ, “ಭಾವಾ, ಮದುವೆಗಾದ್ರೂ ಅಕ್ಕನ್ನ ಕರ್ಕೊಂಡ್ ಬನ್ನಿ. ಅವಳಿಲ್ದೆ ನಾನ್ ಹೇಗ್ ಮಾಡ್ಲಿ?” ಎಂದು ಅತ್ತಳು.

ನಾನು ಕಾರ್ಖಾನೆಯಿಂದ ಬಂದವನೇ ಯಂತ್ರದ ಮುಂದೆ ಕೂರುತ್ತಿದ್ದೆ. ಅದರ ಜೊತೆಗೆ ಸಿಗುವ ಪದಸಂಗ್ರಹ ಇಂಗ್ಲಿಷಿನದ್ದು. ನಮ್ಮ ಮನೆಯ ಮಾತಿಗೆ ಅದರಿಂದ ಏನು ಪ್ರಯೋಜನ? ನಾನೇ ಕೂತು ಕನ್ನಡ ಪದಗಳನ್ನು ಒಂದೊಂದಾಗಿ ಹೇಳಿಕೊಟ್ಟೆ. ಬಂದೆ, ಹೋದೆ, ಸಾರು, ಸೀರೆ, ಸುಮ್ನಿರು. ಒಂದು ವಾಕ್ಯ ಹೊರಡಿಸುವಷ್ಟರಲ್ಲಿ ಮೊದಮೊದಲು ಒಂದು ಲೋಟ ಕಾಫಿ ಆರುತ್ತಿತ್ತು. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ನಿಧಾನಕ್ಕೆ ಮಾತಾಡುವವರ ಮಾತು ಹಿಡಿಯುವಷ್ಟಾದೆ. ಪರದೆಯ ಮೇಲೆ ದುಂಡು ದುಂಡಾಗಿ ಕನ್ನಡ ಇಳಿದು ಬರುವುದನ್ನು ನೋಡಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಇದು ಸುಲೋಚನಾಗೆ ಆಶ್ಚರ್ಯವಾಗಿರಲಿ ಎಂದು ಅವಳಿಗೆ ಪರದೆ ತೋರಿಸಿರಲಿಲ್ಲ.

ಒಂದು ಭಾನುವಾರ ವಿಜಯಾಳನ್ನು ಬರಹೇಳಿ, ಸುಲೋಚನಾಳನ್ನು ಪರದೆಯ ಮುಂದೆ ಕೂರಿಸಿದೆ. ವಿಜಯಾ ಮಾತಾಡಿದಳು, ನಾನು ಬೆವರುತ್ತ ಒತ್ತಿದೆ, ಅಕ್ಷರಗಳು ಬಂದವು. ಸುಲೋಚನಾ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಪರದೆ ನೋಡಿದಳು.

“ಏನ್ರೀ ಇದು, ಜಿಲೇಬಿ ಸುತ್ತಿದೀರಾ? ನಂಗೆ ಕನ್ನಡ ಓದಕ್ಕೆ ಬರತ್ತಾ?”

ಬರುವುದಿಲ್ಲ. ಅವಳು ಓದಿದ್ದು ತಮಿಳು ಶಾಲೆಯಲ್ಲಿ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಜಗಳ, ಸರಸ, ಸಂತೆ ಎಲ್ಲವೂ ಕನ್ನಡದಲ್ಲೇ ನಡೆದಿದೆ, ಅವಳು ಒಂದೇ ಒಂದು ಕನ್ನಡ ಅಕ್ಷರ ಓದಿದ್ದನ್ನು ನಾನು ನೋಡಿಲ್ಲ. ನನ್ನ ಹೆಂಡತಿ ಕನ್ನಡದವಳು, ನಾನು ಕನ್ನಡದವನು, ಮುಗಿಯಿತಲ್ಲ ಎಂದುಕೊಂಡಿದ್ದೆ. ತಿಂಗಳುಗಟ್ಟಲೆ ಪದ ಕೂಡಿಸುವಾಗಲೂ ಈ ದಡ್ಡನಿಗೆ ಅದು ಹೊಳೆಯಲಿಲ್ಲ. ನನ್ನ ಮುಖ ಹೇಗಾಗಿತ್ತೋ, ಅಕ್ಕತಂಗಿಯರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲು ನಕ್ಕವಳು ಸುಲೋಚನಾ.

ಕಣ್ಣೊರೆಸಿಕೊಂಡು ಅವಳೇ ದಾರಿ ಹೇಳಿದಳು. “ನಮ್ಮಮ್ಮ ಹಸೆ ಹಾಡೆಲ್ಲಾ ತಮಿಳ್ ಅಕ್ಷರದಲ್ಲೇ ತಾನೇ ಬರ್ಕೊಂಡು ಹೇಳ್ತಿದ್ದಿದ್ದು? ನೀವೂ ಹಂಗೇ ಮಾಡಿ.” ಈ ಊರಿನ ಹಳೇ ಕನ್ನಡ ಮನೆಗಳಲ್ಲಿ ಇದು ಮಾಮೂಲು. ಹಾಡು ಕನ್ನಡ, ಅಕ್ಷರ ತಮಿಳು. ಆದರೆ ನನ್ನ ತಮಿಳು ಓದು ಬಸ್ಸಿನ ಬೋರ್ಡಿಗೆ ಮುಗಿಯುತ್ತದೆ. ಹಾಗಾಗಿ ಅವಳೇ ಪಕ್ಕದಲ್ಲಿ ಕೂತು ಒಂದೊಂದು ಪದವನ್ನೂ ತಮಿಳಿನಲ್ಲಿ ಹೇಗೆ ಬರೆಯಬೇಕೆಂದು ತಿದ್ದಿದಳು. ನಾನು ತಪ್ಪು ಮಾಡಿದಾಗೆಲ್ಲ ಟೀಚರಮ್ಮನ ಹಾಗೆ ಗದರಿದಳು. ಎಷ್ಟೋ ದಿನಗಳ ಮೇಲೆ ನಮ್ಮ ಮನೆಯಲ್ಲಿ ಸಂಜೆಯ ಹೊತ್ತು ಗಲಾಟೆ ಇತ್ತು, ನನಗೆ ಹಿತವಾಗಿತ್ತು.

ಈಗ ಒಂದು ವಿಚಿತ್ರ ನಡೆದಿದೆ. ಕೋರ್ಟಿನವರು ಈ ಯಂತ್ರವನ್ನು ವೇಗಕ್ಕೆಂದು ಕೊಳ್ಳುತ್ತಾರೆ. ನನ್ನ ಕೈಯಲ್ಲಿ ಅದು ಎತ್ತಿನ ಗಾಡಿ. ಹಾಗಾಗಿ ಭಾನುವಾರದ ಸಭೆಯಲ್ಲಿ ಎಲ್ಲರೂ ನನಗಾಗಿ ಕಾಯಬೇಕು. ಒಬ್ಬರು ಮುಗಿಸಿ, “ಆಯ್ತಾ ಭಾವಾ?” ಎಂದು ಕೇಳಿ, ಆಮೇಲೆ ಇನ್ನೊಬ್ಬರು ಶುರುಮಾಡಬೇಕು. ಪರದೆ ಸುಲೋಚನಾಳ ಮುಂದಿರುವುದರಿಂದ ಮಾತಾಡುವವರು ಅವಳ ಕಡೆಗೇ ತಿರುಗಿ ಕೂರುತ್ತಾರೆ. ತಲೆಮಾರುಗಳಿಂದ ಒಟ್ಟಿಗೇ ಮಾತಾಡುತ್ತಿದ್ದ ಮನೆತನ ಸರದಿಯಲ್ಲಿ ಮಾತಾಡುವುದನ್ನು ಕಲಿತಿದೆ. ಎಷ್ಟೋ ಸಲ ನನ್ನ ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ಸುಲೋಚನಾ ಅವರ ತುಟಿ ನೋಡಿಯೇ ತಲೆಯಾಡಿಸಿರುತ್ತಾಳೆ. ಆಗ ನನ್ನ ಅಷ್ಟೆಲ್ಲ ಹುಡುಕಾಟ, ಬೆವರು ಯಾಕಾಗಿತ್ತು ಎನ್ನಿಸುತ್ತದೆ, ಸುಳ್ಳೇಕೆ ಹೇಳಲಿ.

ಹೋದ ವಾರ ವಿಜಯಾ ಮದುವೆಯ ಅಡುಗೆಯ ಮಾತು ತೆಗೆದಳು. ಅಡುಗೆಯವನು ಹೋಳಿಗೆ ಬೇಡ, ಈಗ ಯಾರೂ ತಿನ್ನಲ್ಲ, ಬೇರೆ ಏನಾದರೂ ಹಾಕಿಸೋಣ ಎಂದಿದ್ದಾನಂತೆ. ನಾನು ಹೋಳಿಗೆಯವರೆಗೆ ಬಂದಿದ್ದೆ, ಅಷ್ಟೇ, ಸುಲೋಚನಾ ಆಗಲೇ ಬಾಯಿ ತೆಗೆದಳು.

“ಇರಕ್ಕಾ, ಭಾವಾ ಇನ್ನೂ ಮುಗ್ಸಿಲ್ಲ” ಎಂದಳು ವಿಜಯಾ.

“ಅವರು ಮೆಲ್ಲ ಮುಗ್ಸಲಿ ಬಿಡೇ. ಹೋಳಿಗೆ ಇಲ್ದೆ ನಮ್ಮನೇಲಿ ಯಾವ ಮದುವೆ ಆಗಿದೆ? ಅವನ್ ಯಾರು ಬೇಡ ಅನ್ನಕ್ಕೆ? ಮುಂಚಿನ ದಿನವೇ ಬಂದು ನಾನೇ ನಿಂತು ಮಾಡಿಸ್ತೀನಿ, ನೋಡ್ತಾ ಇರು!”

ವಿಜಯಾ ಅಕ್ಕನ ಕೈ ಹಿಡಿದುಕೊಂಡಳು. ನಾನು ಅಡುಗೆಯವನ ಮಾತನ್ನು ಅಲ್ಲಿಗೇ ಬಿಟ್ಟು, ಸುಲೋಚನಾ ಹೇಳಿದ್ದನ್ನು ಒತ್ತಿದೆ. ತಾನು ಆಡಿದ ಮಾತನ್ನು ಅವಳು ಪರದೆಯಲ್ಲಿ ಓದಬೇಕಾಗಿರಲಿಲ್ಲ. ನನಗೆ ಓದಬೇಕಾಗಿತ್ತು. ತಮಿಳು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು, ಬಂದು ನಾನೇ ನಿಂತು ಮಾಡಿಸ್ತೀನಿ ಎಂದು ಎರಡು ಸಲ ಓದಿದೆ.