ತಾಮ್ರದ ಹಂಡೆಯ ನೀರು

ಅತ್ತಿಗೆ, ನಿಮ್ಮ ಬೆಟ್ಟಾ ಮೀನನ್ನು ಕೊಂದವಳು ನಾನು. ಅದರ ಸಾವನ್ನು ನಿಮ್ಮ ತಲೆಗೆ ಕಟ್ಟಿದಾಗ ಕೇಳಿಸಿಕೊಂಡು ಸುಮ್ಮನಿದ್ದವಳೂ ನಾನೇ.

ಮದುವೆಯಾದ ಹೊಸತರಲ್ಲಿ ಅಣ್ಣ ಅದನ್ನು ನಿಮಗಾಗಿ ಶ್ರೀರಂಗಪಟ್ಟಣದಿಂದ ತಂದಿದ್ದ. ನಾಗಮಂಗಲದ ತವರು ಬಿಟ್ಟು ಪಾಂಡವಪುರದ ನಮ್ಮ ಮನೆಗೆ ಬಂದ ನಿಮಗೆ, ನಿಮ್ಮದೆಂಬುದು ಇಲ್ಲಿ ಅದೊಂದೇ ಇತ್ತೇನೋ. ಹೆಸರು ಕೇಳಿ ಅವ್ವ ನಕ್ಕಿದ್ದಳು. "ಬೆಟ್ಟ ಅಂತೆ ಬೆಟ್ಟ! ಬೆಳ್ಳುದ್ದ ಇಲ್ಲ. ಕರಿಘಟ್ಟದ್ ಥರ ಇದ್ಕೂ ಮೆಟ್ಲು ಅತ್ತಬೇಕೇನ್ಲಾ?"

ಅದರ ನೀಲಿ ರೆಕ್ಕೆಗಳ ಅಂಚು ಕಪ್ಪಾಗಿ ಹರಿಯತೊಡಗಿದಾಗ ನೀವು ಗಾಬರಿಯಾಗಲಿಲ್ಲ. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು, ಗಾಜಿನ ತೊಟ್ಟಿಯ ನೀರನ್ನು ದಿನವೂ ಸ್ವಲ್ಪ ಸ್ವಲ್ಪವೇ ಬದಲಿಸುತ್ತಿದ್ದಿರಿ. ನನಗೆ ಅದು ಸಾಲದೆನಿಸಿತು. ಎಂ.ಎಸ್ಸಿ. ಓದಿದವಳು — ಅದೂ ರಸಾಯನಶಾಸ್ತ್ರ. ಒಂದು ಸಂಜೆ ನೋಡಿದರೆ, ಹರಿದ ಅಂಚಿನಲ್ಲಿ ಬಣ್ಣವಿಲ್ಲದ ತೆಳು ಪೊರೆ. ಕೊಳೆಯುವುದು ಇನ್ನೂ ನಿಂತಿಲ್ಲ ಎಂದುಕೊಂಡೆ. ನೀವು ಡೇರಿಗೆ ಹಾಲು ಹಾಕಲು ಹೋಗಿದ್ದಿರಿ. ಹಬ್ಬಕ್ಕೆಂದು ಹುಣಸೆಹಣ್ಣು ಹಾಕಿ ಉಜ್ಜಿದ್ದ ತಾಮ್ರದ ಹಂಡೆಯಲ್ಲಿ ಹಿಂದಿನ ದಿನ ತುಂಬಿದ ನೀರಿತ್ತು. ತಾಮ್ರ ರೋಗಾಣುಗಳನ್ನು ಕೊಲ್ಲುತ್ತದೆ, ರೆಕ್ಕೆ ಕೊಳೆಯುವುದು ರೋಗಾಣುಗಳಿಂದ — ಎಷ್ಟು ನೇರವಾಗಿ ಯೋಚಿಸಿದ್ದೆ! ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಆ ನೀರನ್ನೇ ತುಂಬಿಸಿದೆ.

ಅಷ್ಟು ತಾಮ್ರ ಮೀನಿಗೂ ವಿಷವೆಂಬುದು, ಆ ಪೊರೆ ಹೊಸದಾಗಿ ಮೂಡುತ್ತಿದ್ದ ರೆಕ್ಕೆಯೆಂಬುದು — ಎಲ್ಲವನ್ನೂ ಓದಿ ತಿಳಿದದ್ದು ಅದು ಸತ್ತ ಮೇಲೆ. ಅದು ಗುಣವಾಗುತ್ತಿತ್ತು, ಅತ್ತಿಗೆ. ನಿಮ್ಮಿಂದ.

ಬೆಳಿಗ್ಗೆ ಮೀನು ಮಗ್ಗುಲಾಗಿ ತೇಲುತ್ತಿತ್ತು. ಅವ್ವ ಬೈಯಬೇಕೆಂದು ಆಡಿದ ಮಾತೂ ಅಲ್ಲ ಅದು. "ವಸಿ ಸುಧಾರಿಸ್ಕತಿತ್ತು, ಪಾಪ. ಏನ್ ಮಾಡಕಾಯ್ತದೆ ಬುಡವ್ವ, ಕೆಲವ್ರ ಕೈಗುಣವೇ ಅಂಗೆ." ಓದಿದವಳು, ಹಾಗೇನಿಲ್ಲ ಎನ್ನುತ್ತೇನೆಂದು ನೀವು ನನ್ನತ್ತ ನೋಡಿದಿರಿ. ನಾನು — ನಾನು ಕಾಫಿ ಲೋಟ ತೊಳೆಯಲು ಎದ್ದು ಹೋದೆ.

ಒಂದು ಮೀನಿನ ವಿಷಯ, ಮರೆತುಹೋಗುತ್ತದೆ ಎಂದುಕೊಂಡಿದ್ದೆ. ಮೀನು ಮರೆತುಹೋಯಿತು, ಮಾತು ಮನೆಯಲ್ಲೇ ಉಳಿಯಿತು. ಹಾಲಿಗೆ ಹೆಪ್ಪು ಹಾಕುವುದನ್ನು ಅವ್ವ ನಿಮ್ಮ ಕೈಯಿಂದ ತಪ್ಪಿಸಿದಳು. ಹಸು ಕರು ಹಾಕುವಾಗ ನಿಮ್ಮನ್ನು ಕೊಟ್ಟಿಗೆಗೆ ಕರೆಯಲಿಲ್ಲ. ಆಗೆಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದಿದ್ದೇನೆ. ಆದರೆ 'ಇಷ್ಟು ದಿನ ಯಾಕೆ ಹೇಳಲಿಲ್ಲ' ಎಂಬ ಪ್ರಶ್ನೆ ಪ್ರತಿ ಸಲವೂ ಇನ್ನಷ್ಟು ದೊಡ್ಡದಾಗಿ ಎದುರಿಗೆ ನಿಂತಿರುತ್ತಿತ್ತು. ಅದನ್ನು ದಾಟಲೂ ಆಗದೆ, ಹಿಂದಕ್ಕೆ ಹೋಗಲೂ ಆಗದೆ — ಒಂದೇ ಮನೆಯಲ್ಲಿ, ದಿನವೂ ನಿಮ್ಮ ಕೈಯಡುಗೆ ಉಣ್ಣುತ್ತಾ —

ಮೊನ್ನೆ ಪಾಪುವಿಗೆ ಜ್ವರ ಬಂತು. ಔಷಧಿ ನಿಮ್ಮ ಕೈಯಲ್ಲಿತ್ತು, ಹೆತ್ತ ಮಗು ನಿಮ್ಮ ಮಡಿಲಲ್ಲಿತ್ತು. ಆದರೂ ನನ್ನನ್ನು ಕರೆದಿರಿ.

"ನೀನೇ ಕುಡ್ಸು ಬಾ ರಶ್ಮಿ. ನನ್ ಕೈಗುಣ ಸರಿಯಿಲ್ಲ."

ಅವ್ವ ಆಗ ಮನೆಯಲ್ಲಿರಲಿಲ್ಲ. ಅವತ್ತು ಯಾರೂ ನಿಮಗೆ ಹಾಗೆಂದು ಹೇಳಿರಲಿಲ್ಲ. ನೀವೇ ನಂಬಿಬಿಟ್ಟಿದ್ದಿರಿ. ನಾನು ಕುಡಿಸಿದೆ. ಜ್ವರ ಇಳಿಯಿತು. "ನೋಡ್ದಾ? ನಾನ್ ಯೋಳ್ನಿಲ್ವಾ?" ಎಂದು ನಕ್ಕಿರಿ. ಆ ನಗುವನ್ನು ನಾನು ನೋಡಲಾರೆ.

ಇದನ್ನು ನಿಮಗೊಬ್ಬರಿಗೇ ಹೇಳಿ ಹಗುರಾಗಬಹುದಿತ್ತು. ಆದರೆ ನಿಮ್ಮನ್ನು ಬಲ್ಲೆ. "ಓಗ್ಲಿ ಬುಡು, ಅತ್ತೆಗೆ ಯೋಳ್ಬೇಡ" ಎಂದು ನನ್ನನ್ನು ಉಳಿಸಿ, ಆ ಮಾತನ್ನು ನೀವೇ ಹೊತ್ತುಕೊಂಡು ಇದ್ದುಬಿಡುತ್ತೀರಿ. ಆದ್ದರಿಂದ ನಾಳೆ, ಅವ್ವ ಮತ್ತು ಅಣ್ಣ ಇಬ್ಬರ ಮುಂದೆಯೂ ಹೇಳುತ್ತೇನೆ. ಅವರು ಏನೇ ಅನ್ನಲಿ, ನೀವು ನಡುವೆ ಬರಬೇಡಿ.

ಪಾಪುವಿನ ಔಷಧಿ ಇನ್ನೂ ಮುಗಿದಿಲ್ಲ. ಕರೆದರೆ ನಾನು ಬರುವುದಿಲ್ಲ, ಅತ್ತಿಗೆ. ನೀವೇ ಕುಡಿಸಿ.