ಗೆರೆಯ ಮೇಲೆ ಮನಸ್ಸು ಬದಲಿಸುವ ಮರ್ಲ್

ನೆಬ್ರಾಸ್ಕಾದ ನಮ್ಮೂರ ಭಾನುವಾರದ ಅಮೆರಿಕನ್ ಫುಟ್ಬಾಲ್ ತಂಡದಲ್ಲಿ ಚೆಂಡು ಹಿಡಿದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಮರ್ಲ್ ದ್ವೋರಾಕ್. ಕೋಚ್ ಹೇಳಿಕಳಿಸಿದ ಆಟವನ್ನು ಅವನು ಹಾಗೆಯೇ ಆಡಿದ್ದನ್ನು ಕಂಡವರಿಲ್ಲ. ಎರಡೂ ತಂಡದವರು ಗೆರೆಯ ಮೇಲೆ ಎದುರುಬದುರು ಬಗ್ಗಿ ನಿಂತರೆ ಸಾಕು, ಮರ್ಲ್ ಸಂತೆಯಲ್ಲಿ ಹಸು ಕೊಳ್ಳುವವನಂತೆ ಎದುರಾಳಿಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬೇಡ, ಬೇಡ! ನೀಲಿ ಬಾತುಕೋಳಿ!" ಎಂದು ಕೂಗುತ್ತಾನೆ. ತನ್ನವರು ಆ ಗುಟ್ಟಿನ ಮಾತಿನ ಅರ್ಥ ನೆನಪಿಸಿಕೊಳ್ಳುವಷ್ಟರಲ್ಲಿ, "ಅದೂ ಬೇಡ! ಅಜ್ಜಿ ಬೂಟು!" ಅನ್ನುತ್ತಾನೆ. ಬದಿಯಲ್ಲಿ ಕೋಚ್ ಹ್ರುಸ್ಕಾ ಟೋಪಿಯನ್ನು ನೆಲಕ್ಕೆ ಬಡಿದು, "ಒಂದ್ಸಲ ಆದ್ರೂ ನಾನು ಹೇಳಿದ್ದನ್ನ ಆಡೋ ಮಹಾರಾಯ!" ಎಂದು ಅರಚುತ್ತಾನೆ. ಊರೊಳಗೂ ಇದೇ ಬುದ್ಧಿ. ಹೋಟೆಲಿನಲ್ಲಿ ಹಂದಿಮಾಂಸ ತರಲು ಹೇಳಿ, ಅಡುಗೆಯವನ ಮುಖ ನೋಡಿದ್ದೇ ಸೂಪಿಗೆ ಬದಲಿಸುತ್ತಾನೆ. ಮದುವೆಯ ದಿನ ಪಾದ್ರಿ ಒಪ್ಪಿಗೆ ಕೇಳಿದಾಗ ಅವನು ಸುತ್ತ ಕಣ್ಣಾಡಿಸಿದನಂತೆ, ಮದುಮಗಳು ಇರ್ಮಾ, "ಇದೊಂದನ್ನ ಬದಲಿಸಿದ್ರೆ ನೋಡು!" ಎಂದು ಚಿವುಟಿದಳಂತೆ. ಹೋದ ಭಾನುವಾರ ಚೆಂಡನ್ನು ಇನ್ನೊಂದೇ ಗಜ ಮುಂದೊಯ್ದರೆ ಗೆಲುವು ನಮ್ಮದಿತ್ತು. ಎದುರಾಳಿಗಳನ್ನು ತಳ್ಳಿ ದಾರಿ ಬಿಡಿಸುವ ನಮ್ಮ ತಂಡದ ದೈತ್ಯ ಎಮಿಲ್‌ನ ಬೆನ್ನ ಹಿಂದೆ ನುಗ್ಗಬೇಕೆಂದು ಕೋಚ್ ಹೇಳಿದ್ದ. ಮರ್ಲ್ ಈ ಸಲ ಎದುರಾಳಿಗಳನ್ನು ನೋಡಲೇ ಇಲ್ಲ, ಎಮಿಲ್‌ನ ಕಾಲನ್ನು ನೋಡಿದ. ಎಮಿಲ್ ಮಂಡಿನೋವನ್ನು ಯಾರಿಗೂ ಹೇಳದೆ ಭಾರವನ್ನೆಲ್ಲ ಬಲಗಾಲಿಗೆ ಹಾಕಿ ನಿಂತಿದ್ದ. ಮರ್ಲ್ ಕೂಗಿ ಆಟವನ್ನು ಎಮಿಲ್ ಇಲ್ಲದ ಇನ್ನೊಂದು ಬದಿಗೆ ತಿರುಗಿಸಿದ. ಚೆಂಡು ಕೈಜಾರಿತು, ತಂಡ ಸೋತಿತು. "ಯಾಕೋ ಬದಲಿಸ್ದೆ?" ಎಂದು ಕೋಚ್ ಹಾರಾಡಿದರೆ, ಮರ್ಲ್ ತಲೆ ಕೆರೆದುಕೊಂಡು, "ಕೆಟ್ಟ ಚಾಳಿ ಕೋಚ್, ಬಿಡೋಕಾಗಲ್ಲ" ಅಂದ. ಬೆಂಚಿನ ಮೇಲೆ ಕೂತಿದ್ದ ಎಮಿಲ್ ತಲೆ ಎತ್ತಲಿಲ್ಲ. ಸ್ವಲ್ಪ ಸರಿದು ಮರ್ಲ್‌ಗೆ ಕೂರಲು ಜಾಗ ಬಿಟ್ಟ.