ಮಲಾವಿಗೆ ಹೋದ ನನ್ನ ಬೋಳು ಸಾಲು

೨೦೦೬ನೇ ಇಸವಿಯ ಮುಂಗಾರು. ಆಂಧ್ರದ ಗಡಿಯ ಹಿಂದೂಪುರದ ಪೇಟೆಯಲ್ಲಿ ಬೆಳೆದ ನಾನು ಕಲ್ಯಾಣದುರ್ಗದಾಚೆ, ಸೆಟ್ಟೂರಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನಾಲ್ಕಕ್ಷರ ಇಂಗ್ಲಿಷ್ ಬರುತ್ತದೆಂದು ಮಹಿಳಾ ಸಂಘದವರು ನನ್ನನ್ನೇ ಕಾರ್ಯದರ್ಶಿ ಮಾಡಿದ್ದರು. ಆ ಜಂಬ ಸ್ವಲ್ಪ ಹೆಚ್ಚೇ ಇತ್ತು.

ಆಫ್ರಿಕಾದ ಮಲಾವಿ ದೇಶದಿಂದ ರೈತ ಹೆಂಗಸರು ನಮ್ಮ ಕೂರಿಗೆ ಬಿತ್ತನೆ ನೋಡಿ ಕಲಿಯಲು ಬರುತ್ತಾರೆಂದು ಸುದ್ದಿ ಬಂತು. ಅವರನ್ನು ಕರೆತರುವ ಸಂಸ್ಥೆಯ ಸಾರು, “ವಿತ್ತನಾಲು ಎವರು ವೇಸ್ತಾರಮ್ಮಾ?” ಎಂದು ತೆಲುಗಿನಲ್ಲಿ ಕೇಳಿದರು. ಎತ್ತು ಎಳೆಯುವ ಕೂರಿಗೆಯ ಬಟ್ಟಲಿಗೆ ಬೀಜ ಬಿಡುವವರು ನಮ್ಮತ್ತೆ ತಿಮ್ಮಕ್ಕ. ಅವರ ಕೈ ಊರಿಗೇ ಹೆಸರುವಾಸಿ. ಆದರೆ ಫೋಟೊ ತೆಗೆಯುತ್ತಾರಲ್ಲ! “ನಾನೇ ಸಾರ್” ಅಂದುಬಿಟ್ಟೆ. ಅಲ್ಲಿಯವರೆಗೆ ನಾನು ಕೂರಿಗೆ ಮುಟ್ಟಿದವಳೇ ಅಲ್ಲ.

“ಒಂದ್ಸಲ ಬಾರಮ್ಮ, ಕೈ ತೋರಿಸ್ಕೊಡ್ತೀನಿ” ಅಂದರು ಅತ್ತೆ.

“ಕಡಲೆಬೀಜ ಬಟ್ಟಲಿಗೆ ಹಾಕೋದು ತಾನೆ? ನಾನು ನೋಡ್ಕಂತೀನಿ ಬಿಡಿ.”

ಅವರು ಬಂದ ದಿನ ಮದುವೆಯ ರೇಷ್ಮೆ ಸೀರೆ ಉಟ್ಟು ಹೊಲಕ್ಕಿಳಿದೆ. ಯಜಮಾನರು ಎತ್ತು ಹೊಡೆದರು. ಎತ್ತುಗಳ ನಡಿಗೆಗೂ ನನ್ನ ಕೈಗೂ ತಾಳವೇ ಕೂಡಲಿಲ್ಲ. ಒಂದು ಕಡೆ ಬೊಗಸೆ ಬೊಗಸೆ ಬೀಜ ಬಿತ್ತು, ಇನ್ನೊಂದು ಕಡೆ ನೆರಿಗೆ ಎತ್ತಿಕೊಳ್ಳುವಷ್ಟರಲ್ಲಿ ಬಟ್ಟಲು ಖಾಲಿಯೇ ಹೋಯಿತು. ಹೇಗೋ ನಾಲ್ಕು ಸಾಲು ಮುಗಿಯಿತು. ಹಿಂದೆಯೇ ಕುಂಟೆ ಬಂದು ಮಣ್ಣು ಮುಚ್ಚಿತು. ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಂದವರಲ್ಲಿ ಗ್ರೇಸ್ ಅನ್ನುವವರು ಮಾತ್ರ ನನ್ನನ್ನು ಏನೂ ಕೇಳಲಿಲ್ಲ. ಬದುವಿನ ಮೇಲೆ ಎಲೆಅಡಿಕೆ ಮೆಲ್ಲುತ್ತಿದ್ದ ಅತ್ತೆಯ ಪಕ್ಕ ಹೋಗಿ ಕೂತರು. ಅತ್ತೆ ಅವರ ಮುಷ್ಟಿಗೆ ಬೀಜ ತುಂಬಿ, ಬೆರಳು ಹಿಡಿದು, ಹೆಜ್ಜೆಗಿಷ್ಟು ಎಂದು ಉದುರಿಸಿ ತೋರಿಸಿದರು. ನನ್ನ ಇಂಗ್ಲಿಷು ಬೇಕಾಗಲೇ ಇಲ್ಲ. ಆಮೇಲೆ ಗ್ರೇಸ್ ಬಾಯಲ್ಲಿ ಎಣಿಸುತ್ತಾ ಪಕ್ಕದ ನಾಲ್ಕು ಸಾಲು ಬಿತ್ತಿದರು.

ಅತಿಥಿಗಳ ಜಡೆ, ಜೀಪು ನೋಡುವುದರಲ್ಲೇ ಮೈಮರೆತಿದ್ದ ಊರವರಿಗೆ ಯಾವ ಸಾಲು ಯಾರದೆಂದು ನೆನಪಿರಲಿಲ್ಲ. ಕೇಳಿದವರಿಗೆ, “ಬೇವಿನಮರದ ಕಡೇವು ಅವರವು” ಎಂದು ನನ್ನ ಸಾಲುಗಳನ್ನೇ ತೋರಿಸಿದೆ. ಮಲಾವಿಯವರು ಮತ್ತೆ ಬಂದು ನೋಡುತ್ತಾರೆಯೇ?

ಒಂಬತ್ತನೇ ದಿನಕ್ಕೆ ಮೊಳಕೆ ಮೇಲೆದ್ದಿತು. ಮರದ ಕಡೆ ಒಂದೆಡೆ ಬಸ್‌ಸ್ಟ್ಯಾಂಡಿನ ಜನಜಂಗುಳಿ, ಆಮೇಲೆ ಮಾರುದ್ದ ಬೋಳು. ಪಕ್ಕದ ನಾಲ್ಕು ಸಾಲು ನೂಲು ಹಿಡಿದ ಹಾಗೆ.

“ಪಾಪ, ಅವ್ರ ದೇಶದಾಗೆ ಇಂಗೇ ಏನೋ” ಎಂದಳು ಪಕ್ಕದ ಮನೆ ಗಂಗಮ್ಮ. “ನಿನ್ನ ಸಾಲು ನೋಡು! ಅತ್ತೆಗೆ ತಕ್ಕ ಸೊಸೆ ಕಣಮ್ಮ.”

ನಾಚಿಕೆಯಿಲ್ಲದೆ ನಕ್ಕೆ. ಅತ್ತೆ ಎಲೆಗೆ ಸುಣ್ಣ ಸವರುತ್ತಾ ನನ್ನನ್ನೇ ನೋಡಿದರು.

ಅಷ್ಟರಲ್ಲಿ ಸಾರು ಕ್ಯಾಮೆರಾ ಹಿಡಿದು ಬಂದರು. ಗ್ರೇಸ್ ವಿಮಾನ ಹತ್ತುವ ಮುಂಚೆ ಕೇಳಿಕೊಂಡಿದ್ದರಂತೆ. ತಾವು ಬಿತ್ತಿದ ಸಾಲಿನ ಫೋಟೊ ಬೇಕಂತೆ, ಅವರೂರಿನ ಸಂಘದ ಹೆಂಗಸರಿಗೆ ತೋರಿಸಿ ಕಲಿಸಬೇಕಂತೆ. ಗಂಗಮ್ಮ ಸೀದಾ ಬೇವಿನಮರದ ಕಡೆ ಕೈ ತೋರಿಸಿದಳು. ಸಾರು ಮಂಡಿಯೂರಿದರು. ಅಷ್ಟು ಶ್ರದ್ಧೆಯಿಂದ ಕಲಿತ ಆ ಹೆಂಗಸು ತನ್ನವರ ಮುಂದೆ ತಲೆ ತಗ್ಗಿಸಬೇಕಲ್ಲ ಎಂದು ತಡೆಯಲಾಗದೆ ಕೂಗಿಬಿಟ್ಟೆ.

“ಸಾರ್, ಅದು ನಂದು!”

ಊರೇ ಬಿದ್ದು ಬಿದ್ದು ನಕ್ಕಿತು. ಯಜಮಾನರು ಎತ್ತಿನ ಹಿಂದೆ ಮುಖ ಮರೆಸಿಕೊಂಡರು.

“ನಂಗೆ ಅವತ್ತೇ ಗೊತ್ತಿತ್ತು ಕಣಮ್ಮ” ಅಂದರು ಅತ್ತೆ. “ನೀನೇ ಯೇಳ್ಲಿ ಅಂತ ಕಾಯ್ತಿದ್ದೆ.” ಆಮೇಲೆ ಸಾರಿಗೆ, “ಎರಡನ್ನೂ ತೆಗೀರಪ್ಪ. ಇವಳ್ನ ಇವಳ ಸಾಲ್ನಾಗೇ ನಿಲ್ಲಿಸಿ” ಎಂದರು.

ಮರುವರ್ಷ ಅತ್ತೆಯ ಪಕ್ಕ ಕೂತು, ಮುಷ್ಟಿ ಒಡ್ಡಿ ಬೀಜ ಬಿಡುವುದನ್ನು ಕಲಿತೆ. ಈಗಲೂ ಬೋಳು ಸಾಲು ಕಂಡರೆ ನಾಚಿಕೆಯಾಗುತ್ತದೆ. ಆದರೂ ಮಲಾವಿಯ ಯಾವುದೋ ಸಂಘದ ಗೋಡೆಯ ಮೇಲೆ ನನ್ನ ಫೋಟೊ ಇದ್ದು, ಅಲ್ಲಿನ ಹೆಂಗಸರು ಅದನ್ನು ನೋಡಿ ಹೇಗೆ ಬಿತ್ತಬಾರದು ಎಂದು ಕಲಿಯುತ್ತಿದ್ದರೆ, ಎರಡು ದೇಶಗಳ ನಡುವಿನ ಕೊಡುಕೊಳ್ಳುವಿಕೆಯಲ್ಲಿ ನನ್ನದೂ ಒಂದು ಪಾಲಿದೆ.